ನೂಲು ಕೂರುವ ಜಾಗ

ಬುಧವಾರ ಮಧ್ಯಾಹ್ನ ಎರಡೂವರೆಗೆ
ದಾವಣಗೆರೆಯ ಈ ಮೂರನೇ ಮಹಡಿಯ ಕೋಣೆಯಲ್ಲಿ
ನನ್ನ ಮೇಜಿನ ಮೇಲೆ ಒಂದು ಬಾಯಿ ತೆರೆಯುತ್ತದೆ.
ಮೊದಲಿಗೆ ಹೆಸರಿಲ್ಲ. ಕೆನ್ನೆ, ಎಂಜಲು, ಟಾರ್ಚಿನ ಬೆಳಕು,
ಆಮೇಲೆ ಮೊಳಕಾಲ್ಮೂರಿನ ಆಸ್ಪತ್ರೆಯ ಫ್ಯಾನಿನ ಕಿರುಗುಟ್ಟು,
ಅದರ ಹಿಂದೆ ಹರಿಹರದ ಹುಡುಗಿ ಮುಬೀನಾ:
'ಕಾಣ್ತಿದೆಯಾ ಮೇಡಂ?'

ಕಾಣ್ತಿದೆ. ಇಲ್ಲ. ಈಗ ಕಂಡಿತು.
ಚಿತ್ರ ಚೌಕಚೌಕವಾಗಿ ಒಡೆದು
ಮತ್ತೆ ಹಲ್ಲಾಗಿ ಕೂಡುತ್ತದೆ.
ಸಿಗ್ನಲ್ ಸಿಗುವುದು ಕಿಟಕಿಯ ಬಲಮೂಲೆಯಲ್ಲಂತೆ,
ಅದಕ್ಕೇ ಕುರ್ಚಿಯನ್ನೇ ಅಲ್ಲಿಗೆ ಎಳೆದಿದ್ದಾಳೆ.
ಒಮ್ಮೊಮ್ಮೆ ಆಂಧ್ರದ ಟವರು ಹಿಡಿದು
ಫೋನು ತೆಲುಗಿನಲ್ಲಿ ಸ್ವಾಗತ ಹೇಳುತ್ತದೆ.
ಚೌಡಕ್ಕ ನಗುತ್ತಾಳೆ, ಬಾಯಿ ತೆರೆದೇ.

ಮೂವತ್ತೊಂದು ವರ್ಷ ಕೈ ಹಿಡಿದು ಕಲಿಸಿದವಳು ನಾನು.
ಮಣಿಕಟ್ಟಿನ ಮೇಲೆ ಎರಡು ಬೆರಳಿಟ್ಟರೆ ಸಾಕಿತ್ತು,
ಹೆದರಿದ್ದಾರೋ, ಅವಸರದಲ್ಲಿದ್ದಾರೋ,
ಬೆಳಗಿನ ತಿಂಡಿ ತಿಂದಿಲ್ಲವೋ,
ಎಲ್ಲ ಗೊತ್ತಾಗುತ್ತಿತ್ತು ಬೆರಳಿಗೆ.
ಈಗ ಈ ಗಾಜಿನ ಮೇಲೆ ಬೆರಳಿಟ್ಟರೆ
ಹಲ್ಲು ದೊಡ್ಡದಾಗುತ್ತದೆ, ಅಷ್ಟೇ.

'ಕಂದು ಗೆರೆ ನೋಡು,' ಎನ್ನುತ್ತೇನೆ,
'ಬೋರಿನ ನೀರು ಬರೆದದ್ದು.
ಹಲ್ಲು ಹೊರಗೆ ಬರುವ ಮೊದಲೇ
ದವಡೆಯೊಳಗೆ ಹೋಗಿ ಬರೆದದ್ದು.
ಉಜ್ಜಿದರೆ ಹೋಗದು. ಬಯ್ಯಬೇಡ ಅವಳನ್ನು.'
ನಾನು ಬಯ್ದಿದ್ದೆ ಒಬ್ಬಳನ್ನು, ಕೆಲಸಕ್ಕೆ ಸೇರಿದ ಹೊಸತರಲ್ಲಿ.
ಜಗಳೂರಿನ ಕಡೆಯವಳು.
ಸೆರಗು ಬಾಯಿಗಿಟ್ಟುಕೊಂಡು ಎದ್ದುಹೋದಳು,
ಕುರ್ಚಿ ಇನ್ನೂ ಒರಗಿಕೊಂಡೇ ಇತ್ತು.

'ಮುಂದಿನ ಹಲ್ಲಿನ ಅಂಚಿನಲ್ಲೊಂದು ಗೀರಿದೆ ನೋಡು,
ಸಾಸಿವೆ ಕೂರುವಷ್ಟು.
ಹೇರ್‌ಪಿನ್ ಕಚ್ಚುತ್ತಾಳಾ? ಕುಂಬಳದ ಬೀಜ? ಕೇಳು.'
ಪ್ರಶ್ನೆ ದುರ್ಗ ದಾಟಿ, ಚಳ್ಳಕೆರೆ ದಾಟಿ,
ಹೋಗಿ ಮುಟ್ಟಿತೋ ಇಲ್ಲವೋ,
ಮುಬೀನಾ: 'ನೂಲು ಮೇಡಂ. ರೇಷ್ಮೆ ಎಳೆ ಕಡಿಯೋದು.
ಭಾನುವಾರ ಮನೆಗೆ ಹೋಗಿದ್ದೆ. ಗುಂಡಿಮಗ್ಗ.
ಕತ್ತರಿ ಹುಡುಕೋ ಹೊತ್ತಿಗೆ
ಲಾಳಿ ನಾಲ್ಕು ಸಲ ಓಡಿರುತ್ತಂತೆ.'

ನನ್ನ ಪಠ್ಯಪುಸ್ತಕದಲ್ಲಿ ಲಾಳಿ ಇಲ್ಲ.

'ತುಂಬಿಬಿಡು,' ಎಂದೆ. 'ಹತ್ತು ನಿಮಿಷದ ಕೆಲಸ.'
ಪರದೆಯಲ್ಲಿ ಬಾಯಿ ಮುಚ್ಚಿತು.
ಮುಚ್ಚಿದ ಮೇಲೆ ನನಗೆ ಮುಖ ಕಂಡಿತು.
ಮೂಗುಬೊಟ್ಟು, ಹಣೆಯಲ್ಲಿ ಅಂಗೈ ಒರೆಸಿದ ಬಣ್ಣ.
'ಅದುನ್ನ ಮುಟ್ಟಬ್ಯಾಡವ್ವ.
ತುಂಬಿದ್ರೆ ನೂಲೆಲ್ಲಿ ಕುಂತ್ಕಬೇಕು?
ಹಿಂದ್ಲ ಹಲ್ಲು ಕಿತ್ತಾಕು, ಅದಕ್ಕೇ ಬಂದಿರಾದು.'

ಸರಿ, ಕೀಳೋಣ.
ಸೂಜಿಯ ಮದ್ದು ಏರುವವರೆಗೆ
ಮೂವರೂ ಸುಮ್ಮನಿದ್ದೆವು, ಎರಡು ಊರುಗಳಲ್ಲಿ.
ಮುಬೀನಾ ಇಕ್ಕಳ ಹಿಡಿದಳು.
'ಎಳೆಯಬೇಡ, ಅಲುಗಿಸು. ಹೊರಕ್ಕೆ. ಒಳಕ್ಕೆ. ಕಾಯಿ.'
ಬೇರಿನ ಹತ್ತಿರ ಏನೋ ಬಿಗಿಯಿತು,
ಕೈಗವಸಿನೊಳಗೆ ಗೆಣ್ಣು ಉಬ್ಬಿತು,
'ನಿಲ್ಲಿಸು!' ಎಂದೆ.

ಚಿತ್ರ ಇಲ್ಲಿಗೆ ಬರಲು ಎರಡು ಸೆಕೆಂಡು,
ಮಾತು ಅಲ್ಲಿಗೆ ಹೋಗಲು ಎರಡು.
ನಾನು ಕೂಗುವ ಹೊತ್ತಿಗೆ
ಅವಳ ಕೈ ತಾನೇ ನಿಂತು, ಹಿಡಿತ ಬದಲಿಸಿ,
ಮತ್ತೆ ಹೊರಟಾಗಿತ್ತು.
ನಾನು ನೋಡುತ್ತಿದ್ದದ್ದು
ಅವಳು ಆಗಲೇ ದಾಟಿಹೋದ ಭಯವನ್ನು.

ಹಲ್ಲು ಕ್ಯಾಮೆರಾ ಮುಂದೆ ಬಂತು, ಎರಡೂ ಬೇರು ಪೂರ್ತಿ.
ರೇಷ್ಮೆ ಕಡಿಯುವ ಬಾಯಿ
ಹತ್ತಿ ಕಚ್ಚಿಕೊಂಡು ಕೈಯೆತ್ತಿತು ನನಗೆ.
ಅಷ್ಟರಲ್ಲಿ ಕರೆಂಟು ಹೋಯಿತು. ಅಲ್ಲೋ ಇಲ್ಲೋ
ತಿಳಿಯಲು ಸ್ವಲ್ಪ ಹೊತ್ತು ಬೇಕಾಯಿತು.

ಲಾಗ್‌ಬುಕ್ಕಿನಲ್ಲಿ ಒಂದು ಕಾಲಂ:
ಅಧ್ಯಾಪಕರು ಹಾಜರಿದ್ದರೇ?
ಹೌದು ಎಂದು ಬರೆದು ಸಹಿ ಹಾಕಿದೆ.

ರಾತ್ರಿ ಏಪ್ರನ್ನಿಗೆ ಗುಂಡಿ ಹೊಲಿದು
ದಾರವನ್ನು ಬಾಯಿಗೊಯ್ದೆ.
ಜಾರಿತು. ಇನ್ನೊಮ್ಮೆ ಜಾರಿತು.
ಎದ್ದು ಕತ್ತರಿ ಹುಡುಕಿದೆ.